ಒಂಟೆಗೆ ಅರ್ಥ ಹೇಳಿದ ಭಾವ

ಕಾರ್ಟೂನು ನೋಡುವುದಕ್ಕೆಂದು ಸ್ನಾನ ಮಾಡಿ, ಇಸ್ತ್ರಿ ಹಾಕಿದ ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಾಲು ಇಳಿಬಿಟ್ಟು ಕೂರುವ ಮನುಷ್ಯರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲ ತಾನೆ! ನಾವು ಕಂಡಿದ್ದೇವೆ. ಕಂಡದ್ದು ಮಾತ್ರವಲ್ಲ, ಸರಿಯಾಗಿ ವಿಚಾರಿಸದೆ ನಮ್ಮ ಅಕ್ಕನನ್ನು ಅವರಿಗೇ ಕೊಟ್ಟು ಮದುವೆಯನ್ನೂ ಮಾಡಿದ್ದೇವೆ.

ನನ್ನ ಈ ಭಾವನಿಗೆ ಪುತ್ತೂರಿನಲ್ಲಿ ಟೈಲರ್ ಅಂಗಡಿ. ವೃತ್ತಿ ಹೊಲಿಗೆ, ಹುಚ್ಚು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತಿನ ಯಕ್ಷಗಾನ ಅದು. ಭಾಗವತರು ಕವಿ ಬರೆದಿಟ್ಟ ಪ್ರಸಂಗದ ಪದ ಹಾಡುತ್ತಾರೆ, ಎದುರು ಕೂತ ಅರ್ಥಧಾರಿಗಳು ಆ ಪದಕ್ಕೆ ಅರ್ಥ ಹೇಳುತ್ತಾ ಕೃಷ್ಣನೋ ಕರ್ಣನೋ ಆಗಿಬಿಡುತ್ತಾರೆ. ಭಾವ ದೊಡ್ಡ ಅರ್ಥಧಾರಿಯೇನೂ ಅಲ್ಲ. ಬರಬೇಕಾದವರು ಕೈಕೊಟ್ಟಾಗ ಸಂಘಟಕರಿಗೆ ನೆನಪಾಗುವ ಅರ್ಥಧಾರಿ. ಆದರೆ ಶ್ರದ್ಧೆಯಲ್ಲಿ ಯಾರಿಗೂ ಕಡಿಮೆಯಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಸುಳ್ಯದ ಕಡೆಯಿಂದ ಪುತ್ತೂರಿಗೆ ಕಾಲೇಜು ಓದಲು ಬಂದು ಅಕ್ಕನ ಮನೆಯಲ್ಲೇ ಉಳಿದಿದ್ದೆ. ಓದಿದ್ದೆಷ್ಟು ಎಂದು ಕೇಳಬೇಡಿ, ಅಕ್ಕನ ಮನೆಗೆ ಆ ವರ್ಷವೇ ಕೇಬಲ್ ಬಂದಿತ್ತು! ಭಾನುವಾರ ಸಂಜೆ ಐದು ಗಂಟೆಗೆ ಒಂದು ಪರದೇಶದ ಕಾರ್ಟೂನು. ಅದರಲ್ಲಿ ತಗಡಿನ ಪೆಟ್ಟಿಗೆ ಹಿಡಿದ ಒಂದು ಒಂಟೆ ಪ್ರತಿ ವಾರವೂ ರೈಲು ಹತ್ತಲು ಸ್ಟೇಷನ್ನಿಗೆ ಬರುತ್ತದೆ. ಪ್ರತಿ ವಾರವೂ ರೈಲು ತಪ್ಪಿಹೋಗುತ್ತದೆ. ಒಮ್ಮೆ ಕುತ್ತಿಗೆ ಬಾಗಿಲಲ್ಲಿ ಹಿಡಿಸುವುದಿಲ್ಲ, ಒಮ್ಮೆ ಪೆಟ್ಟಿಗೆ ಬಾಯಿ ತೆರೆದು ಅಂಗಿಗಳೆಲ್ಲ ಹಳಿಯ ಮೇಲೆ. ಸ್ಟೇಷನ್ ಮಾಸ್ಟರ್ ಒಂದು ಮುದಿ ಗೂಬೆ, ಹಗಲಿಡೀ ನಿದ್ದೆ. ಕತೆ ಇಷ್ಟೇ. ಮಾತೆಲ್ಲ ಮೂಗಿನಿಂದ ಬರುವ ಇಂಗ್ಲಿಷು. ನನಗೇ ಅರ್ಥವಾಗುತ್ತಿರಲಿಲ್ಲ, ಇನ್ನು ನೋಡಲು ಬಂದು ಸೇರುತ್ತಿದ್ದ ಓಣಿಯ ಮಕ್ಕಳಿಗೆ ಎಲ್ಲಿಂದ ಆಗಬೇಕು?

ಭಾವನಿಗಂತೂ ಒಂದು ಅಕ್ಷರ ಆಗುತ್ತಿರಲಿಲ್ಲ. ಅದು ಅವರಿಗೆ ಅಡ್ಡಿಯೇ ಆಗಲಿಲ್ಲ ಎಂಬುದು ಮುಖ್ಯ. ಟಿವಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಒಂಟೆ ಬಾಯಿ ತೆರೆದ ಕೂಡಲೇ ಅರ್ಥ ಶುರು ಮಾಡಿದರು. "ಎಲೈ ಉಲೂಕಶ್ರೇಷ್ಠನೇ! ಉಷ್ಟ್ರಕುಲದಲ್ಲಿ ಜನಿಸಿದ ನಾನು, ತಂಗಿಯ ಮುಖವನ್ನು ಕಾಣದೆ ಎಷ್ಟೋ ಕಾಲವಾಯಿತು. ಧೂಮಶಕಟವು ಬರುವ ವೇಳೆಯನ್ನು ಅರುಹುವಂಥವನಾಗು!" ನನ್ನ ಕೈಗೆ ಪಾತ್ರೆ ಕೊಟ್ಟು ಚೆಂಡೆಯ ಕೆಲಸ ಒಪ್ಪಿಸಿದರು. ಒಂಟೆ ಹೊರಟದ್ದು ತಂಗಿಯ ಮನೆಗೆ ಎಂದು ಇಂಗ್ಲಿಷಿನಲ್ಲಿ ಯಾರೂ ಹೇಳಿರಲಿಲ್ಲ. ಪೆಟ್ಟಿಗೆ ಹಿಡಿದ ಅವಸರ ನೋಡಿದರೆ ತಂಗಿಯ ಮನೆಗಲ್ಲದೆ ಮತ್ತೆಲ್ಲಿಗೆ ಎಂಬುದು ಭಾವನ ವಾದ.

ಮನೆಯಲ್ಲಿ ನಾವೆಲ್ಲ ಸುಳ್ಯದ ಕಡೆಯ ಅರೆಭಾಷೆ, ಓಣಿಯಲ್ಲಿ ತುಳು, ಒಂಟೆಗೆ ಮಾತ್ರ ಗ್ರಾಂಥಿಕ ಕನ್ನಡ. ಪರಿಣಾಮ ಎಲ್ಲಿಗೆ ಮುಟ್ಟಿತೆಂದರೆ, ಆಗ ಆರು ವರ್ಷದ ಅವರ ಮಗಳು ಸ್ಮಿತಾ ಶಾಲೆಯಲ್ಲಿ ಎದ್ದು ನಿಂತು "ಅಪ್ಪಣೆಯಾದರೆ ಜಲಪಾನ ಮಾಡಿ ಬರುವಂಥವಳಾಗುತ್ತೇನೆ" ಎಂದಳಂತೆ. ಟೀಚರು ಅಕ್ಕನನ್ನು ಕರೆಸಿ, ಮನೆಯಲ್ಲಿ ಅಜ್ಜ ಯಾರಾದರೂ ಇದ್ದಾರಾ ಎಂದು ವಿಚಾರಿಸಿದರು.

ಇನ್ನು ಮಕ್ಕಳ ಪ್ರಶ್ನೆ. ರೈಲು ಯಾಕೆ ಒಂಟೆಗೆ ಸಿಗುವುದಿಲ್ಲ? ಆಗ ಸಕಲೇಶಪುರದ ಘಟ್ಟ ಹತ್ತುವ ನಮ್ಮ ರೈಲೂ ನಿಂತಿತ್ತು, ಹಳಿ ಬದಲಿಸುವ ಕೆಲಸ. ಭಾವ ಅದನ್ನೂ ಅರ್ಥದಲ್ಲಿ ಸೇರಿಸಿದರು. ಮಕ್ಕಳೆಲ್ಲ ಒಪ್ಪಿಕೊಂಡರು. ಒಂಟೆಯ ಊರು ಸಕಲೇಶಪುರದ ಆಚೆ ಎಲ್ಲೋ ಇದೆಯೆಂದು ಅವರಲ್ಲಿ ಕೆಲವರು ಈಗಲೂ ತಿಳಿದಿರಬಹುದು.

ಕಾರ್ಟೂನು ಮುಗಿದು ಮಾಡಿದವರ ಹೆಸರುಗಳು ಓಡತೊಡಗಿದರೆ ಯಾರೂ ಏಳುವಂತಿಲ್ಲ. ಊಟದ ಪಂಕ್ತಿಯಲ್ಲಿ ಎಲ್ಲರದ್ದೂ ಮುಗಿಯದೆ ಒಬ್ಬ ಎದ್ದರೆ ಎಷ್ಟು ಅಪಚಾರವೋ ಅಷ್ಟೇ ಅಪಚಾರ! "ಒಂಟೆಯ ಕಾಲು ಒಂದು ಹೆಜ್ಜೆ ಇಡ್ಲಿಕ್ಕೆ ಅವರು ಎಷ್ಟು ಚಿತ್ರ ಬಿಡಿಸಿರ್ಬೇಕು, ಗೊತ್ತುಂಟಾ ನಿನಗೆ? ಅವರ ಹೆಸರು ಓದದೆ ಏಳುದಾ?" ಎಂದು ನನ್ನನ್ನು ಹಿಡಿದು ಕೂರಿಸುತ್ತಿದ್ದರು. ಹೆಸರುಗಳು ಓಡುವ ವೇಗಕ್ಕೆ ವಾರಕ್ಕೆ ಒಂದೇ ಹೆಸರನ್ನು ನಾನು ಓದಿ ಹೇಳಿ, ಅವರು ಕನ್ನಡದಲ್ಲಿ ಬರೆದುಕೊಳ್ಳಲು ಆಗುತ್ತಿತ್ತು. ಬರೆಯುತ್ತಿದ್ದದ್ದು ಅಂಗಡಿಯ ಅಳತೆ ಪುಸ್ತಕದಲ್ಲಿ. ಅಂಗಡಿಯಲ್ಲಿ ಇನ್ನೊಂದು ಮೆಷಿನಿಗೆ ಕೂರುತ್ತಿದ್ದ ಕಬಕದ ಹಿರಿಯರೊಬ್ಬರು ಒಂದು ದಿನ ಕನ್ನಡಕ ಸರಿಮಾಡಿಕೊಂಡು, ಈ ನಾಲ್ಕನೆಯ ಸಾಲಿನ ದೊರೆಸಾನಿಯ ರವಿಕೆಗೆ ಎದೆ, ತೋಳು ಯಾವುದರ ಅಳತೆಯೂ ಬರೆದಿಲ್ಲವಲ್ಲ, ಯಾವಾಗ ಕೊಡುವುದಿದೆ ಎಂದು ಕೇಳಿದರು!

ಒಂಟೆ ಮನೆಯೊಳಗೆ ಇದ್ದರೆ ಅಡ್ಡಿಯಿರಲಿಲ್ಲ. ಈಶ್ವರಮಂಗಲದ ಒಂದು ತಾಳಮದ್ದಲೆ ಕೂಟದಲ್ಲಿ ಭಾವನಿಗೆ, ಕೃಷ್ಣನನ್ನು ಕರೆತರಲು ರಥ ಹೂಡಿ ಹೋಗುವ ಅಕ್ರೂರನ ಪಾತ್ರ ಸಿಕ್ಕಿತು. ಪ್ರಯಾಣದ ಕಷ್ಟ ವರ್ಣಿಸುವ ಭರದಲ್ಲಿ, ರೈಲಿಗಾಗಿ ಕಾದ ಒಂಟೆಯ ದೃಷ್ಟಾಂತ ಕೊಟ್ಟೇಬಿಟ್ಟರು. ಎದುರಿನ ಅರ್ಥಧಾರಿ ಬಿಡುತ್ತಾರೆಯೇ? ಈ ಉಷ್ಟ್ರೋಪಾಖ್ಯಾನ ಹದಿನೆಂಟು ಪುರಾಣಗಳಲ್ಲಿ ಯಾವುದರಲ್ಲಿದೆ ಎಂದು ಹಿಡಿದುಕೊಂಡರು. ಭಾವ ಒಂದು ಕ್ಷಣ ಶಾಲು ಸರಿಪಡಿಸಿ, "ಅದು ಭಾನುವಾರ ಮಾತ್ರ ಶ್ರವಣ ಮಾಡುವಂಥ ಪುರಾಣ" ಎಂದರು. ಆವತ್ತು ಸಿಕ್ಕಿದಷ್ಟು ಚಪ್ಪಾಳೆ ಅವರಿಗೆ ಮತ್ತೆಂದೂ ಸಿಗಲಿಲ್ಲ.

ಆದರೆ ತಮಾಷೆ ಎಷ್ಟೇ ಇರಲಿ, ಒಂದು ಗೆರೆಯನ್ನು ಭಾವ ದಾಟುತ್ತಿರಲಿಲ್ಲ. ಅರ್ಥಧಾರಿ ಎಷ್ಟು ಬೇಕಾದರೂ ಬೆಳೆಸಬಹುದು, ಪ್ರಸಂಗವನ್ನು ಮಾತ್ರ ತಿದ್ದಬಾರದು. ಕವಿ ಕರ್ಣನನ್ನು ಬೀಳಿಸಿದ್ದರೆ ಕರ್ಣ ಬೀಳಲೇಬೇಕು. ಒಂಟೆಗೂ ಅದೇ ನ್ಯಾಯ. ಬಿಡಿಸಿದವರು ರೈಲು ತಪ್ಪಿಸಿದರೆ ತಪ್ಪಿತು, ಅಷ್ಟೇ. ಮಕ್ಕಳು ಎಷ್ಟು ಗೋಗರೆದರೂ ಅವರು ಒಂಟೆಯನ್ನು ರೈಲು ಹತ್ತಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಒಂಟೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿತ್ತು. ದೂರದಲ್ಲಿ ರೈಲಿನ ದೀಪ ಕಂಡಿತು. ಅಲ್ಲಿಗೆ ಹೆಸರುಗಳು ಓಡಿದವು. ಮುಂದಿನ ವಾರ ಖಂಡಿತ ಎಂದುಕೊಂಡು ಮಕ್ಕಳು ಏಳು ದಿನ ಬೆರಳಲ್ಲಿ ಎಣಿಸಿದರು. ಮುಂದಿನ ಭಾನುವಾರ ಟಿವಿ ಹಾಕಿದರೆ ಚಾನೆಲ್ಲೇ ಇಲ್ಲ! ಪರದೆಯ ತುಂಬ ಸರಸರ ಎನ್ನುವ ಬಿಳಿ ಚುಕ್ಕೆಗಳು. ಕೇಬಲ್ಲಿನವರನ್ನು ಕೇಳಿದರೆ, ಅದು ಮೇಲಿನಿಂದಲೇ ನಿಂತಿದೆ, ಇನ್ನು ಬರುವುದಿಲ್ಲ ಎಂದರು.

ಓಣಿಯ ಮಕ್ಕಳು ಮುಖ ಸಣ್ಣ ಮಾಡಿಕೊಂಡು ಹೋದರು. ಸ್ಮಿತಾ ಹೋಗುವುದೆಲ್ಲಿಗೆ? ಅವಳು ಟಿವಿಯ ಮುಂದೆಯೇ ಕೂತಳು. ಆ ಸಂಜೆ ಉಣ್ಣಲಿಲ್ಲ. ಮರುದಿನವೂ ತಟ್ಟೆ ದೂಡಿದಳು. ಒಂಟೆ ಉಂಡಿರುವುದಿಲ್ಲ, ಅದು ಇನ್ನೂ ಅಲ್ಲೇ ನಿಂತಿದೆ ಎಂಬುದು ಅವಳ ಮಾತು. ಬೈದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಭಾವ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದರು. ಆಮೇಲೆ ಎದ್ದು, ಸ್ನಾನ ಮಾಡಿ, ಪಂಚೆ ಉಟ್ಟು ಬಂದು ಟಿವಿ ಹಾಕಿದರು.

"ಅಪ್ಪ, ಎಂತದೂ ಕಾಣುದಿಲ್ಲ," ಎಂದಳು ಸ್ಮಿತಾ.

"ಒಂಟೆಯ ಊರಲ್ಲಿ ಜಡಿಮಳೆ ಮಗಾ, ಹಾಗಾಗಿ ಕಾಣುದಿಲ್ಲ. ಕಿವಿ ಕೊಟ್ಟು ಕೇಳು," ಎಂದರು ಭಾವ. ಆ ಬಿಳಿ ಚುಕ್ಕೆಗಳು ನಿಜಕ್ಕೂ ಮಳೆಯ ಹಾಗೆಯೇ ಇದ್ದವು, ಸದ್ದೂ ಹಾಗೆಯೇ ಇತ್ತು. ನಾನು ಪಾತ್ರೆ ಬಡಿದೆ. ಭಾವ ಅರ್ಥ ಹೇಳಿದರು. ಗೂಬೆ ಎಚ್ಚರವಾಯಿತು, ಹಸಿರು ನಿಶಾನೆ ತೋರಿಸಿತು, ಒಂಟೆ ಕುತ್ತಿಗೆ ತಗ್ಗಿಸಿ ಒಳಗೆ ಹತ್ತಿತು. ಸರಿಯಾಗಿ ಆಗ ಒಳಗಿನಿಂದ ಉದ್ದಕ್ಕೆ ರೈಲಿನ ಸೀಟಿ! ನಾನೇ ಬೆಚ್ಚಿಬಿದ್ದೆ. ಅಡುಗೆಮನೆಗೆ ಹೋಗಿ ನೋಡಿದರೆ ಅಕ್ಕ ಕುಕ್ಕರಿನಲ್ಲಿ ಬರೀ ನೀರು ಕುದಿಸುತ್ತಾ ನಿಂತಿದ್ದಳು. ಗಂಡನ ಹುಚ್ಚನ್ನು ವರ್ಷವಿಡೀ ಬೈಯುತ್ತಿದ್ದ ಹೆಂಗಸು! ಸ್ಮಿತಾ ಮಜ್ಜಿಗೆ ಹಾಕಿಸಿಕೊಂಡು ಎರಡು ಸಲ ಅನ್ನ ಉಂಡಳು.

ಮಗಳು ಉಂಡಳು, ಆದರೆ ಭಾವನಿಗೆ ಅನ್ನ ಸೇರದಾಯಿತು. ಪ್ರಸಂಗ ತಿದ್ದಿದೆ ಎಂಬ ಕೊರಗು. ಅಲ್ಲಿ ಯಾರೋ ಕಣ್ಣು ಹಾಳುಮಾಡಿಕೊಂಡು ಬಿಡಿಸಿದ ಕತೆಗೆ ಇಲ್ಲಿ ನಾನೊಬ್ಬ ಟೈಲರ್ ಬೇರೆ ಬಟ್ಟೆ ಹೊಲಿದು ಸೇರಿಸಿದೆನಲ್ಲ ಎಂಬ ಸಂಕಟ. ಬಿಡಿಸಿದವರು ಒಂಟೆಯನ್ನು ಬೇರೆ ಕಡೆಗೆ ಕಳಿಸಿದ್ದರೆ? ರೈಲೇ ಬೇಡ ಎಂದು ಅದರ ಬಾಯಲ್ಲಿ ಹೇಳಿಸಿದ್ದರೆ? ನಾವು ನಕ್ಕೆವು. ವರ್ಷಗಳು ಹೋದರೂ ಆ ಕೊರಗು ಮಾತ್ರ ಹೋಗಲಿಲ್ಲ. ಕೂಟಗಳಲ್ಲಿ ಅವರ ಅರ್ಥ ಪದವನ್ನು ಬಿಟ್ಟು ಆಚೀಚೆ ಕದಲದೆ ಎಷ್ಟು ಸಪ್ಪೆಯಾಯಿತೆಂದರೆ, ಕೈಕೊಟ್ಟವರ ಜಾಗಕ್ಕೂ ಕರೆಯುವುದು ನಿಂತಿತು.

ಕಳೆದ ವರ್ಷ ಸ್ಮಿತಾ ಕಡಬದಿಂದ ಬಂದಳು. ಅವಳೀಗ ಅಲ್ಲಿ ಹೈಸ್ಕೂಲ್ ಟೀಚರ್. ಆ ಕಾರ್ಟೂನಿನ ಎಲ್ಲ ಕಂತುಗಳನ್ನೂ ಯಾರೋ ಇಂಟರ್‌ನೆಟ್ಟಿಗೆ ಹಾಕಿದ್ದಾರೆ, ಕೊನೆಯದೂ ಇದೆ ಎಂದಳು. ಭಾವ ನೋಡುವುದು ಬೇಡ ಎಂದರು. ಆಮೇಲೆ ತಾವೇ ಎದ್ದು ಸ್ನಾನಕ್ಕೆ ಹೋದರು. ಅರವತ್ತು ದಾಟಿದ ಮನುಷ್ಯ ಪಂಚೆ ಉಟ್ಟು, ಕೈಮುಗಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಕೂತರು. ನನಗೆ ಆವತ್ತು ನಗಲು ಆಗಲಿಲ್ಲ.

ಕೊನೆಯ ಕಂತು ಓಡಿತು. ಪ್ಲಾಟ್‌ಫಾರ್ಮು, ಒಂಟೆ, ದೂರದಲ್ಲಿ ದೀಪ, ಹೆಸರುಗಳು. ನಾವು ಅಂದು ನೋಡಿದ್ದೇ! ಆಚೆ ಏನೂ ಇಲ್ಲ. ಸ್ಮಿತಾ ವಿಡಿಯೊದ ಕೆಳಗೆ ಯಾರೋ ಬರೆದಿದ್ದನ್ನು ಓದಿ ಹೇಳಿದಳು. ಕಂಪನಿ ನಡುವೆಯೇ ನಿಲ್ಲಿಸಿತಂತೆ. ಮುಂದಿನದನ್ನು ಯಾರೂ ಬಿಡಿಸಲೇ ಇಲ್ಲ. ಒಂಟೆಯನ್ನು ಬಿಡಿಸಿದ ಹೆಂಗಸು ಈಗಲೂ ಇದ್ದಾರೆ, ಎಂಬತ್ತು ದಾಟಿದೆ. ಹೆಸರು ಹೇಳಹೊರಟರೆ ಭಾವ ತಡೆದರು. "ಗೊತ್ತುಂಟು. ಅಳತೆ ಪುಸ್ತಕದ ನಾಲ್ಕನೆಯ ಸಾಲು."

ಆ ಸಂಜೆಯೇ ಭಾವ ಆ ಹೆಂಗಸಿಗೊಂದು ಕಾಗದ ಹೇಳಿ ಬರೆಸಿದರು. ನಿಮ್ಮ ಪ್ರಸಂಗದಲ್ಲಿ ಇಲ್ಲದ್ದನ್ನು ನಾನು ಹೇಳಿದ್ದೇನೆ, ಮಗಳು ಉಣ್ಣಲಿಲ್ಲ ಎಂಬುದು ಬಿಟ್ಟರೆ ನನಗೆ ಬೇರೆ ಕಾರಣವಿಲ್ಲ, ದೊಡ್ಡವರು ಕ್ಷಮಿಸಬೇಕು ಎಂದು. ಒಂಟೆ ಹೇಗೆ ಹತ್ತಿತು, ಮಳೆ ಎಷ್ಟಿತ್ತು, ಸೀಟಿ ಹೇಗೆ ಕೇಳಿತು ಎಂಬುದೂ ಇತ್ತು. ಸ್ಮಿತಾ ಅದನ್ನು ಇಂಗ್ಲಿಷಿಗೆ ತಿರುಗಿಸಿ, ವಿಳಾಸ ಹುಡುಕಿ ಕಳಿಸಿದಳು. ಇಂಥ ಕಾಗದಕ್ಕೆ ಯಾರು ಉತ್ತರ ಕೊಡುತ್ತಾರೆ ಎಂದುಕೊಂಡೆ ನಾನು.

ಮೂರು ವಾರದ ಮೇಲೆ ಉತ್ತರ ಬಂತು. ಸ್ಮಿತಾ ಕಡಬದಿಂದ ಬಸ್ಸು ಹಿಡಿದು ಬಂದು, ಅಂಗಡಿಯಲ್ಲಿ ಮೆಷಿನಿನ ಮುಂದೆ ಕೂತಿದ್ದ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದಳು. ನಾನೂ ಅಲ್ಲೇ ಇದ್ದೆ. ಆ ತಾಯಿ ಬರೆದದ್ದು ನಾಲ್ಕೇ ಸಾಲು. ಕಂಪನಿ ನಿಲ್ಲಿಸಿ ಎಂದ ದಿನ ಒಂಟೆಯನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟು ಮನೆಗೆ ಬಂದೆ. ಆಮೇಲೆ ಯಾವ ಸ್ಟೇಷನ್ನಿಗೆ ಹೋದರೂ ಅದು ನೆನಪಾಗುತ್ತಿತ್ತು. ಈಗ ಕೈ ನಡುಗುತ್ತದೆ, ಬಿಡಿಸಿ ಹತ್ತಿಸೋಣವೆಂದರೆ ಆಗುವುದಿಲ್ಲ. ಒಂಟೆಗೆ ರೈಲು ಸಿಕ್ಕಿತೆಂದು ಇವತ್ತು ನನಗೆ ತಿಳಿಯಿತು.

ಸ್ಮಿತಾ ಕೊನೆಯ ಸಾಲನ್ನು ಎರಡು ಸಲ ಓದಿದಳು. ನಾನು ಹೊರಗೆ ಬೀದಿ ನೋಡುತ್ತಾ ನಿಂತೆ, ಕಣ್ಣು ತುಂಬಿತ್ತು. ಭಾವ ಮಾತ್ರ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಏನೋ ದೊಡ್ಡ ತಪ್ಪಾದವರ ಹಾಗೆ ತಲೆಯಾಡಿಸಿದರು.

"ಪಾಪ, ಇಷ್ಟು ವರ್ಷ ಆ ಅಮ್ಮನಿಗೆ ಗೊತ್ತೇ ಇರ್ಲಿಲ್ಲ ನೋಡು," ಎಂದರು. "ಒಂಟೆ ಹೋಗಿ ಮುಟ್ಟಿತು ಅಂತ ನಾನು ಅವತ್ತೇ ಒಂದು ಕಾರ್ಡು ಹಾಕ್ಬೇಕಿತ್ತು."