ತಾರೀಖು ತಿದ್ದುವ ಭಾವನವರು

ನಮ್ಮ ಮನೆಗೆ ಬಂದವರು ಚಹಾ ಕುಡಿಯುವ ಮೊದಲು ತಮ್ಮ ಕೈಗಡಿಯಾರ ತೋರಿಸಬೇಕು. ಯಾಕೆಂದರೆ ನಮ್ಮ ಭಾವನವರ ಲೆಕ್ಕದಲ್ಲಿ ಇಡೀ ಹುಮನಾಬಾದಿನಲ್ಲಿ ಸರಿಯಾದ ವೇಳೆ ಗೊತ್ತಿರುವುದು ಇಬ್ಬರಿಗೆ ಮಾತ್ರ. ಒಂದು ರೇಡಿಯೋ, ಇನ್ನೊಂದು ಅವರು. ಅದರಲ್ಲೂ ರೇಡಿಯೋದ ಮೇಲೆ ಅವರಿಗೆ ಸ್ವಲ್ಪ ಅನುಮಾನವಿದೆ!

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಅತ್ತೆಯವರನ್ನು ಒಮ್ಮೆ ಕೇಳಿದ್ದೆ.

"ಹುಡಗಿ ಅನ್ನೋ ಊರಾಗ ಹೆಣ್ಣ ನೋಡಾಕ ಹೋದ್ವಿ. ಅವರ ಮನಿ ಗಡಿಯಾರ ಏಳು ಮಿನಿಟು ಹಿಂದಿತ್ತಂತ. ಸ್ಟೂಲು ತರಿಸಿ ಏರಿದ. ಹೆಣ್ಣ ಬಂತು, ಕುಂತಿತು, ಎದ್ದು ಹೋತು. ಇಂವ ಸ್ಟೂಲಿನ ಮ್ಯಾಲೇ ಇದ್ದ."

ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿದವರು ಅವರು. ಅಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಮುದ್ರೆಯ ತಾರೀಖು ಬದಲಿಸುವುದು. ಹೊಸ ತಾರೀಖು ಕೂರಿಸಿ, ಒಂದು ವಹಿಯಲ್ಲಿ ಒತ್ತಿ ನೋಡಿ, ಸರಿ ಇದ್ದರೆ ಮಾತ್ರ ಪತ್ರಗಳಿಗೆ ಕೈ ಹಾಕುವುದು. ನಿವೃತ್ತಿಯಾದ ಮೇಲೆಯೂ ಅದೇ ಶಿಸ್ತು. ಎದ್ದ ಕೂಡಲೇ ಕ್ಯಾಲೆಂಡರಿನ ಹಾಳೆ ಹರಿಯಬೇಕು, ಆಮೇಲೆ ಮುಖ ತೊಳೆಯಬೇಕು. ನಾವ್ಯಾರಾದರೂ ಮೊದಲೇ ಹರಿದಿದ್ದರೆ ಆ ದಿನವೇ ಅವರಿಗೆ ಶುರುವಾಗುತ್ತಿರಲಿಲ್ಲ. ಅವರ ಇನ್ನೊಂದು ಅಭಿಮಾನ ಇಡೀ ಓಣಿಗೆ ಬಾಯಿಪಾಠವಾಗಿತ್ತು: "ನನ್ನ ಕೈಯಾಗಿಂದ ಒಂದ್ ಪತ್ರ ಕಳದಿಲ್ಲ ನೋಡ್ರಿ."

ಇಂಥವರ ಕೈಗೆ ಕಂಪ್ಯೂಟರಿನ ಟಪಾಲು ಬಂದದ್ದು ಎರಡು ಸಾವಿರದ ಈಚೆಗೆ. ಬಸವಕಲ್ಯಾಣ, ಹುಮನಾಬಾದ್, ಮಂಠಾಳ, ರಾಜೇಶ್ವರಗಳಲ್ಲಿ ಶಾಲೆ ನಡೆಸುವ ಒಂದು ಸಂಸ್ಥೆಯವರಿಗೆ ಇ-ಮೇಲ್ ಬೇಕಾಗಿತ್ತು. ಭಾವನವರು ತಾವಾಗಿಯೇ ಹೋಗಿ "ಟಪಾಲಂದ್ರ ನಂದ ಕೆಲಸ" ಎಂದರು. ಅರವತ್ತರ ವಯಸ್ಸಿನಲ್ಲಿ ದಪ್ಪ ದಪ್ಪ ಪುಸ್ತಕ ತರಿಸಿ ಓದಿದರು. ಒಂದು ಹಳೆಯ ಕಂಪ್ಯೂಟರು, ಅದರಲ್ಲೊಂದು ಪುಕ್ಕಟೆ ಸಿಗುವ ಮೇಲ್ ಸರ್ವರು, ಅಂದರೆ ಪತ್ರ ಪಡೆದು ಮುಂದಕ್ಕೆ ಸಾಗಿಸುವ ತಂತ್ರಾಂಶ. ಶಾಲೆಯಲ್ಲಿ ಸಂಜೆ ಜವಾನ ಎಲ್ಲ ಸ್ವಿಚ್ಚು ಆರಿಸಿ ಹೋಗುತ್ತಾನೆಂದು ಅದನ್ನು ನಮ್ಮ ಮನೆಗೇ ತಂದು, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಜೋಳದ ಚೀಲದ ಬದಿಗೆ ಕೂರಿಸಿದರು. ನಾನು ಅದಕ್ಕೊಂದು ಕ್ರೋಶಾ ಮುಸುಕು ಹೆಣೆದು ಹೊದಿಸಿದರೆ, "ತಂಗಿ, ಅದಕ್ಕ ಶಕಿ ಆಗ್ತದ" ಎಂದು ತೆಗೆದು ನನ್ನ ಕೈಗೇ ಕೊಟ್ಟರು.

ಅದು ನಡೆಯುವ ರೀತಿ ಸರಳ. ಶಾಲೆಗಳ ಕಂಪ್ಯೂಟರುಗಳು ನಮ್ಮ ಮನೆಯ ಫೋನಿಗೆ ಕರೆ ಮಾಡಿ ತಮ್ಮ ಪತ್ರಗಳನ್ನು ಸರ್ವರಿನಲ್ಲಿ ಹಾಕುತ್ತಿದ್ದವು. ಮಧ್ಯಾಹ್ನ, ಸಂಜೆ ಅದು ತಾನೇ ಹೊರಗೆ ಕರೆ ಮಾಡಿ ಅವನ್ನು ಮುಂದಕ್ಕೆ ಸಾಗಿಸುತ್ತಿತ್ತು. ನಡುವೆ ಫೋನೆತ್ತಿದ ಅತ್ತೆಯವರು ಅದರ ಕಿರುಚಾಟ ಕೇಳಿ, "ಯಾವುದೋ ಕೂಸು ಅಳಾಕತ್ತದ, ಅದರವ್ವ ಎಲ್ಲಿ ಹೋಗ್ಯಾಳೋ" ಎಂದು ಮರುಗುತ್ತಿದ್ದರು.

"ಭಾವಾ, ಪುಕ್ಕಟೆ ಯಾಕ ಕೊಡ್ತಾರ್ರಿ ಇದನ್ನ?" ಎಂದು ಕೇಳಿದೆ.

"ಇದರೊಳಗ ಏನ್ ಬರದಾರ ಅನ್ನೋದು ಯಾರ ಬೇಕಾದ್ರೂ ಓದಬಹುದು ತಂಗಿ. ತಪ್ಪಿದ್ರ ತಿದ್ದಿ ಕಳಸಬಹುದು. ಮುಚ್ಚುಮರಿ ಇಲ್ಲ."

ನನಗೆ ಕಾನ್ವೆಂಟಿನ ಹೊಲಿಗೆ ತರಗತಿ ನೆನಪಾಯಿತು. ಸಿಸ್ಟರ್ ನಮ್ಮ ಫ್ರಾಕನ್ನು ಮೇಲಿಂದ ನೋಡುತ್ತಲೇ ಇರಲಿಲ್ಲ, ತಿರುವಿ ಒಳಗಿನ ಹೊಲಿಗೆ ನೋಡಿಯೇ ಅಂಕ ಕೊಡುತ್ತಿದ್ದರು. ಇದು ಒಳಹೊಲಿಗೆ ತೋರಿಸುವ ಯಂತ್ರ ಎಂದುಕೊಂಡು ಅದರ ಮೇಲೆ ನನಗೂ ಗೌರವ ಬಂತು.

ಗೌರವ ಬೇಸಿಗೆಯವರೆಗೆ ಉಳಿಯಿತು. ಬೇಸಿಗೆಯಲ್ಲಿ ಕರೆಂಟು ದಿನಕ್ಕೆ ಮೂರು ಸಲ ಹೋಗತೊಡಗಿತು, ಪತ್ರಗಳು ಕಳುಹಿಸಿದವರಿಗೇ ವಾಪಸ್ ಹೋಗತೊಡಗಿದವು. ಬಸವಕಲ್ಯಾಣದ ಹೆಡ್‌ಮಿಸ್ಟ್ರೆಸ್ ಫೋನು ಮಾಡಿದರು.

"ಏನ್ರಿ ಅಣ್ಣಾವ್ರೆ, ಮುಂಜಾನಿ ಹತ್ತಕ್ಕ ಹಾಕಿದ ಪತ್ರ. ಹನ್ನೆರಡಕ್ಕ ವಾಪಸ್ ಬಂದದ. 'ಭಾಳ ದಿನ ಪ್ರಯತ್ನ ಮಾಡಿದೆ, ಮುಟ್ಟಿಸಾಕ ಆಗಲಿಲ್ಲ' ಅಂತ ಬರದದ. ಎರಡು ತಾಸಿಗೆ ಭಾಳ ದಿನ ಅಂತಾರೇನ್ರಿ ನಿಮ್ಮ ಊರಾಗ?"

ಸಂಸ್ಥೆಯ ಕಾರ್ಯದರ್ಶಿಗಳು ಹದಿನೈದು ದಿನದ ಗಡುವು ಕೊಟ್ಟರು. ಅಷ್ಟರಲ್ಲಿ ಸರಿಹೋಗದಿದ್ದರೆ ಶಹರದ ಕಂಪನಿಯೊಂದಕ್ಕೆ ಕೆಲಸ ಒಪ್ಪಿಸುತ್ತಾರೆ, ಭಾವನವರ ಯಂತ್ರ ಮೂಲೆಗೆ ಸೇರುತ್ತದೆ. ಯಂತ್ರ ಹೋದರೆ ಹೋಗಲಿ, ಒಂದು ಪತ್ರವನ್ನೂ ಕಳೆಯದ ಕೈ ಎಂಬ ಮಾತು?

ಭಾವನವರು ತಂತಿ ಬದಲಿಸಿದರು. ಪ್ಲಗ್ಗು ಬದಲಿಸಿದರು. ಜೋಳದ ಚೀಲ ಅಂಗಳಕ್ಕೆ ಹೋಯಿತು. ನನ್ನ ಮಿಕ್ಸರಿನ ಮೇಲೆ ನಿಷೇಧ ಬಂತು, ಚಟ್ನಿ ಕಲ್ಲಿಗೆ ಇಳಿಯಿತು. ನಮ್ಮ ಯಜಮಾನರು "ಅಣ್ಣಾ, ಅತಿಥಿ ಬಂದಾಂಗ ಆತಲ್ಲೋ ಇದು, ನಾವೇನ್ ಉಸರಾಡಬಹುದೋ ಇಲ್ಲೋ?" ಎಂದರೆ ನಗಲೂ ಇಲ್ಲ. ಹತ್ತನೆಯ ದಿನ ನಮ್ಮ ಪಡಸಾಲೆಯ ಗಡಿಯಾರ ನಾಲ್ಕು ನಿಮಿಷ ಹಿಂದೆ ಬಿದ್ದಿತ್ತು. ಭಾವನವರು ಅದರ ಕೆಳಗೇ ಹಾದುಹೋದರು. ತಲೆ ಎತ್ತಲಿಲ್ಲ. ನನಗೆ ಆಗ ಹೆದರಿಕೆಯಾಯಿತು.

ಹೆಡ್‌ಮಿಸ್ಟ್ರೆಸ್ ಸಾಕ್ಷಿಗೆಂದು, ತಮಗೂ ತಮ್ಮ ಶಾಲೆಯ ಎಂಟು ಮಂದಿಗೂ ವಾಪಸ್ ಬಂದ ಒಂಬತ್ತು ಪತ್ರಗಳನ್ನು ಕಾಗದದ ಮೇಲೆ ಇಳಿಸಿ ಬಸ್ಸಿನಲ್ಲಿ ಕಳುಹಿಸಿದ್ದರು. ಭಾವನವರು ಅವನ್ನು ಸಾವಿನ ಸುದ್ದಿಯ ಕಾಗದವೆಂಬಂತೆ ಒಂದು ಸಲ ನೋಡಿ ಕಿಟಕಿಯಲ್ಲಿಟ್ಟಿದ್ದರು. ಮರುದಿನ ಬೆಳಿಗ್ಗೆ ತೊಗರಿಬೇಳೆ ಆರಿಸಲು ಕೂತ ನಾನು ಸುಮ್ಮನೆ ಅವನ್ನು ಕೈಗೆತ್ತಿಕೊಂಡೆ. ಪತ್ರ ಓದುವಾಗ ಮೊದಲು ಮೇಲಿನ ತಾರೀಖು ನೋಡಬೇಕೆಂದು ಸಿಸ್ಟರ್ ಕಲಿಸಿದ್ದರು. ನೋಡಿದೆ. ಹೆಡ್‌ಮಿಸ್ಟ್ರೆಸ್ ಹಾಕಿದ್ದು ಏಪ್ರಿಲ್. ಅದರ ಮೇಲೆ ನಮ್ಮ ಸರ್ವರು 'ಪತ್ರ ಬಂತು' ಎಂದು ಹಾಕಿಕೊಂಡದ್ದು ಜನವರಿ ಒಂದು. ಎರಡನೆಯ ಕಾಗದದಲ್ಲೂ ಜನವರಿ ಒಂದು. ಒಂಬತ್ತರಲ್ಲೂ. ಅದೂ ಯಾವ ವರ್ಷ? ನನ್ನ ಮದುವೆಯ ಹಿಂದಿನ ವರ್ಷ!

"ಭಾವಾ," ಎಂದೆ, "ನಾ ಈ ಮನಿಗೆ ಬರೋಕ್ಕಿಂತ ಮೊದಲ ಈ ಪತ್ರ ನಮ್ಮ ಮನ್ಯಾಗ ಬಂದು ಕುಂತಾವಂತ ನೋಡ್ರಿ."

ಭಾವನವರು ಕನ್ನಡಕ ಹಾಕಿಕೊಂಡರು. ತೆಗೆದರು. ಮತ್ತೆ ಹಾಕಿಕೊಂಡರು. ಆಮೇಲೆ ನೆಲದ ಮೇಲೆ, ನನ್ನ ಮೊರದ ಎದುರಿಗೇ, ಕೂತುಬಿಟ್ಟರು.

ವಿಷಯ ಇಷ್ಟೇ. ಕಂಪ್ಯೂಟರಿನ ಹೊಟ್ಟೆಯಲ್ಲಿ ಗಡಿಯಾರ ನಡೆಸುವ ಬಿಲ್ಲೆಯಂಥ ಒಂದು ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಹಳೆಯ ವರ್ಷದ ಜನವರಿ ಒಂದಕ್ಕೆ ಎಚ್ಚರಗೊಳ್ಳುತ್ತಿತ್ತು, ಆ ತಾರೀಖು ಹಾಕಿಯೇ ಪತ್ರ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ನಮ್ಮ ಭಾವನವರು, ಸ್ನಾನದಲ್ಲಿದ್ದರೆ ಟವೆಲಿನಲ್ಲೇ ಓಡಿಬಂದು, ಕೈಗಡಿಯಾರ ನೋಡಿ ಇವತ್ತಿನ ತಾರೀಖು ಕೂರಿಸುತ್ತಿದ್ದರು. ಕೂರಿಸಿದ ಕ್ಷಣಕ್ಕೆ ಒಳಗೆ ಕಾಯುತ್ತಿದ್ದ ಪತ್ರಗಳಿಗೆಲ್ಲ ಎಂಟು ವರ್ಷ ವಯಸ್ಸಾಗುತ್ತಿತ್ತು. ಇಷ್ಟು ವರ್ಷ ಮುಟ್ಟದ ಪತ್ರ ಇನ್ನು ಮುಟ್ಟುವುದಿಲ್ಲ ಎಂದು ಸರ್ವರು ಅವನ್ನು ವಾಪಸ್ ಅಟ್ಟುತ್ತಿತ್ತು.

"ಅಂದ್ರ ನನ್ನ ಕೈಯೇ," ಎಂದರು ಭಾವನವರು.

ಪತ್ರ ಕಳೆದದ್ದು ಯಂತ್ರದಿಂದಲ್ಲ, ಅವರ ಶಿಸ್ತಿನಿಂದ. ಮೂವತ್ತು ವರ್ಷದ ಒಳ್ಳೆಯ ಅಭ್ಯಾಸದಿಂದ! ಅಂದೇ ಒಂಬತ್ತು ಅಂಚೆಕಾರ್ಡು ತಂದು, ಒಂಬತ್ತು ಪತ್ರ ಹಾಕಿದವರಿಗೂ ಕ್ಷಮೆ ಕೇಳಿ ಬರೆದರು. ಬಸ್ ಸ್ಟ್ಯಾಂಡಿನ ಹತ್ತಿರದ ಗಡಿಯಾರ ರಿಪೇರಿ ಅಂಗಡಿಯಲ್ಲಿ ಬಿಲ್ಲೆಯೂ ಸಿಕ್ಕಿತು.

ಹದಿನೈದನೆಯ ದಿನ ಕಾರ್ಯದರ್ಶಿಗಳು ನಮ್ಮ ಮನೆಗೇ ಬಂದು ಕೂತರು. ಹನ್ನೊಂದಕ್ಕೆ ಕರೆಂಟು ಹೋಯಿತು, ಅದು ಮಾತ್ರ ಎಂದೂ ತಪ್ಪಿದ್ದಲ್ಲ. ಹನ್ನೊಂದೂ ಮುಕ್ಕಾಲಿಗೆ ಬಂತು. ಯಂತ್ರ ಎಚ್ಚರಾಯಿತು, ಬಸವಕಲ್ಯಾಣದ ಪತ್ರ ಬಂದು ಇಳಿಯಿತು. ಭಾವನವರ ಬಲಗೈ ತಾನಾಗಿಯೇ ಕೀಲಿಮಣೆಯ ಕಡೆಗೆ ಹೊರಟಿತು.

"ಭಾವಾ, ಮುಟ್ಟಬ್ಯಾಡ್ರಿ."

"ಇಲ್ಲವ್ವಾ, ಬರೇ ನೋಡಾಕತ್ತೇನಿ."

"ಕೈಲೆ ನೋಡ್ತಾರೇನ್ರಿ?"

ಕೊನೆಗೆ ಅವರ ಎರಡೂ ಕೈಗೆ ಬಿಸಿ ಚಹಾದ ಕಪ್ಪು, ತಟ್ಟೆ ಕೊಟ್ಟು ನಿಲ್ಲಿಸಿದೆ. ಮಧ್ಯಾಹ್ನ ಯಂತ್ರ ಹೊರಗೆ ಕರೆ ಮಾಡಿತು, ಕಿರುಚಿತು, ಪತ್ರ ಹೋಯಿತು. ಮುಟ್ಟಿತೆಂದು ಅರ್ಧ ತಾಸಿನಲ್ಲಿ ಕಾರ್ಯದರ್ಶಿಗಳ ಮೊಬೈಲಿಗೆ ಸುದ್ದಿ ಬಂತು. ಅವರು ಎದ್ದು ನಿಂತು, "ಶಹರದವರಿಗೆ ಬ್ಯಾಡ ಅಂತ ಹೇಳ್ತೀನ್ರಿ" ಎಂದರು. ಭಾವನವರು ಅವರ ಮಣಿಕಟ್ಟು ಹಿಡಿದು, "ನಿಮ್ಮ ಗಡಿಯಾರ ಎರಡು ಮಿನಿಟು ಮುಂದದ್ರಿ" ಎಂದರು. ನಮ್ಮ ಭಾವನವರು ನಮಗೆ ವಾಪಸ್ ಸಿಕ್ಕಿದ್ದರು!

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆ ಅವರೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಬ್ಯಾಟರಿ ಹಾಕಿದ್ದು ರಿಪೇರಿ ಆತು ತಂಗಿ. ಸುಧಾರಣಾ ಆಗಲಿಲ್ಲ. ಕರೆಂಟು ಹೋಗೋದು ನಮ್ಮೂರಾಗ ಒಂದೇ ಏನು? ಎಲ್ಲೆಲ್ಲಿ ಯಾರ್ಯಾರ ಪತ್ರ ಹಿಂಗ ವಾಪಸ್ ಹೊಂಟಾವೋ."

ಸರ್ವರಿನ ಒಳಬರಹ ತೆಗೆದು ಹನ್ನೊಂದು ಸಾಲು ಸೇರಿಸಿದರು. ಪತ್ರವೊಂದಕ್ಕೆ ಒಮ್ಮೆಲೇ ವರ್ಷಗಟ್ಟಲೆ ವಯಸ್ಸಾದರೆ ವಾಪಸ್ ಕಳಿಸಬಾರದು, ತಡೆದಿಟ್ಟು ನೋಡಿಕೊಳ್ಳುವವರಿಗೆ ತಿಳಿಸಬೇಕು, ಅಷ್ಟೇ. ಅದನ್ನು ಸರ್ವರಿನ ತಯಾರಕರಿಗೆ, ಬಳಸುವವರೆಲ್ಲರೂ ಓದುವ ಅವರ ಟಪಾಲು ಪಟ್ಟಿಗೆ, ಕಳುಹಿಸಲು ಇಂಗ್ಲಿಷಿನಲ್ಲಿ ಪತ್ರ ಬರೆದು ನನಗೆ ತೋರಿಸಿದರು. ಮೊದಲ ಅರ್ಧ ಪುಟ ಬರೀ ನಮಸ್ಕಾರ! ತೆಗೆದುಹಾಕಿದೆ. ಉತ್ತರ ಒಂದೇ ಸಾಲು ಬಂತು: ಬ್ಯಾಟರಿ ಬದಲಿಸಿ.

"ನಮಸ್ಕಾರ ತಗದಿದ್ದಕ್ಕ ಸಿಟ್ಟಾಗ್ಯಾರ," ಎಂದು ಭಾವನವರು ನನ್ನ ಮೇಲೆ ಆರೋಪ ಹೊರಿಸಿದರು.

"ನಿಮ್ಮ ಅಂಚೀ ಕಚೇರ್ಯಾಗ ಇಂಥಾ ಪತ್ರ ಬಂದ್ರ ಏನ್ ಮಾಡ್ತಿದ್ರಿ ಭಾವಾ?"

"ಏನ್ ಮಾಡೋದು? ಎಂಟು ವರ್ಷದ ಹಿಂದಿನ ಮುದ್ರಿ ಕಂಡ್ರ ಪತ್ರದ ಮ್ಯಾಲ ಸಂಶೇ ಪಡಬಾರದು. ಮೊದಲು ನಮ್ಮ ಮುದ್ರಿ ತಗದು ನೋಡ್ಕೋಬೇಕು."

ಅದನ್ನೇ ನಾನು ಇಂಗ್ಲಿಷಿನಲ್ಲಿ ಬರೆದೆ, ಒಂದಕ್ಷರ ಕೂಡಿಸದೆ. ಮೂರನೆಯ ದಿನ, ಎಲ್ಲಿಯವನೋ ಏನೋ, ಆಫ್ರಿಕಾ ಕಡೆಯ ಒಬ್ಬ ಬರೆದ: ನಮ್ಮ ಆಸ್ಪತ್ರೆಯ ಪತ್ರಗಳೂ ಹೀಗೇ ವಾಪಸ್ ಹೋಗುತ್ತಿದ್ದವು, ಕಾರಣ ಇಂದು ತಿಳಿಯಿತು. ಅದನ್ನು ಓದಿ ಭಾವನವರು ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದರು. ತಯಾರಕರು ಹನ್ನೊಂದು ಸಾಲನ್ನು ಹರಿದು, ಹೊಲಿದು, ಎಂಟಕ್ಕೆ ಇಳಿಸಿ, ಕೊನೆಗೆ ಒಪ್ಪಿಕೊಂಡರು.

ಮಳೆಗಾಲ ಮುಗಿಯುವಾಗ ಹೊಸ ಆವೃತ್ತಿ ಬಂತು. ಅದರೊಂದಿಗೆ ಕೃತಜ್ಞತೆಯ ಪಟ್ಟಿ. ಭಾವನವರು ಅದನ್ನು ಕಾಗದಕ್ಕೆ ಇಳಿಸಿ, ಹಿಟ್ಟಿನ ಕೈಯಲ್ಲಿದ್ದ ನನ್ನ ಮುಂದೆ ಹಿಡಿದರು. ಅವರ ಹೆಸರಿಗಾಗಿ ಹುಡುಕಿದೆ. ಇರಲಿಲ್ಲ. ಅವರ ಬೆರಳು ಒಂದು ಸಾಲಿನ ಮೇಲಿತ್ತು: ತಪ್ಪು ಕಂಡುಹಿಡಿದವರು, ನಿರ್ಮಲಾ, ಹುಮನಾಬಾದ್.

ನಮ್ಮ ಕಡೆ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ಅಂದಿನಿಂದ ಈ ಮನೆಗೆ ನಾನು ಶಿವಲೀಲಾ. ರೇಷನ್ ಕಾರ್ಡಿಗೂ ಶಿವಲೀಲಾ. ನಿರ್ಮಲಾ ಎಂಬುವಳು ಕಾನ್ವೆಂಟಿನ ಹಾಜರಿ ಪುಸ್ತಕದಲ್ಲೇ ಉಳಿದಿದ್ದಳು. ಅತ್ತೆಯವರಿಗೂ ಆ ಹೆಸರು ನೆನಪಿರಲಿಕ್ಕಿಲ್ಲ.

"ಭಾವಾ, ಈ ಹೆಸರು ನಿಮಗ ಹ್ಯಾಂಗ ಗೊತ್ರಿ?"

"ನೀ ಬಂದ ವರ್ಷ ನಿನ್ನ ಗೆಳತಿ ಪತ್ರ ಹಾಕ್ತಿದ್ದಳಲ್ಲಾ, ಆ ಹೆಸರಿಗೆ. ಈ ಮನ್ಯಾಗ ಅಂಥವರು ಯಾರೂ ಇಲ್ಲ ಅಂತ ಪೋಸ್ಟಮನ್ ವಾಪಸ್ ಬರದಿದ್ದ. ನಾ ಅವನ ಕೈಯಾಗಿಂದ ಕಸಕೊಂಡೆ. ಇದ್ದಾಳಪಾ, ನಮ್ಮ ಮನ್ಯಾಗೇ ಇದ್ದಾಳ, ಅಂದೆ."

ಆ ಪತ್ರಗಳು ಪ್ರತಿ ಸಲ ನನ್ನ ಹಿಟ್ಟಿನ ಡಬ್ಬಿಯ ಮೇಲೆ ತಾವಾಗಿಯೇ ಬಂದು ಕೂತಿರುತ್ತಿದ್ದವು. ಯಾರು ಇಡುತ್ತಾರೆಂದು ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.

ಭಾವನವರು ಕಾಗದವನ್ನು ಮಡಿಚಿ, ಡಬ್ಬಿಯ ಮೇಲೆ ಅದೇ ಜಾಗದಲ್ಲಿ ಇಟ್ಟು, ಪಡಸಾಲೆಯ ಗಡಿಯಾರ ನೋಡಲು ಹೋದರು.