ಎರಡು ರಿಂಗು ಮತ್ತು ಕಂಪನಿಯ ಮಾಲೀಕರು

ಸ್ವಲ್ಪ ತಾಳಿ, ಪುಟ ತಿರುಗಿಸಬೇಡಿ. ಟೆಲಿಫೋನ್ ಕಂಪನಿಯ ಚರಿತ್ರೆ ಎಂದ ಕೂಡಲೇ ನನ್ನ ಗೆಳೆಯರೂ ಹೀಗೇ ಎದ್ದು ಹೋಗುತ್ತಾರೆ. ಆದರೆ ಇದರಲ್ಲಿ ನಮ್ಮಪ್ಪ ಬರುತ್ತಾರೆ, ಸುಮಾ ಚಿಕ್ಕಮ್ಮ ಬರುತ್ತಾಳೆ. ಅಲ್ಲಿಯವರೆಗೆ ಕಾದರೆ ಸಾಕು. ಈ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಬೇರೆ ಹುಡುಗರು ಕ್ರಿಕೆಟ್ ಸ್ಕೋರು ನೆನಪಿಟ್ಟುಕೊಂಡ ಹಾಗೆ ನಾನು ಲೈಬ್ರರಿಯಲ್ಲಿ ಕೂತು ಟೆಲಿಫೋನಿನ ಪುರಾಣ ಓದಿಕೊಂಡವನು.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಸಿಡ್ನಿಯ ಗಿರಾವೀನ್‌ಗೆ ಬಂದಾಗ ಮನೆಗೆ ಫೋನ್ ಹಾಕಿಸಲು ಇದ್ದದ್ದು ಒಂದೇ ಕಂಪನಿ, ಅದೂ ಸರ್ಕಾರದ್ದು. ಊರೊಳಗೆ ಎಷ್ಟು ಹೊತ್ತು ಮಾತಾಡಿದರೂ ಒಂದೇ ದರ. ಅಮ್ಮ ಸಾರಿನ ಪುಡಿ ಹುರಿಯಲು ಶುರುಮಾಡಿದಾಗ ಹಿಡಿದ ಫೋನನ್ನು ಪುಡಿ ಡಬ್ಬಿಗೆ ತುಂಬಿದ ಮೇಲೇ ಇಡುತ್ತಿದ್ದಳು. ಮೆಲ್ಬರ್ನ್ ಮಾತ್ರ ಎಸ್‌ಟಿಡಿ, ಮಾತಾಡಿದಷ್ಟೂ ದುಡ್ಡು. ಅಲ್ಲಿದ್ದವಳೇ ಅಮ್ಮನ ತಂಗಿ, ಸುಮಾ ಚಿಕ್ಕಮ್ಮ. ಅಮ್ಮ ಅಲ್ಲಿಗೆ ಫೋನ್ ಮಾಡಿದರೆ ಅಪ್ಪ ವಾಚ್ ಬಿಚ್ಚಿ ಅವಳ ಕಣ್ಣೆದುರು ಹಿಡಿಯುತ್ತಿದ್ದರು. ಕೊನೆಗೆ ಅಕ್ಕ ತಂಗಿ ಒಂದು ಉಪಾಯ ಮಾಡಿಕೊಂಡರು. ದಿನಾ ಸಂಜೆ ಚಿಕ್ಕಮ್ಮ ನಮ್ಮ ನಂಬರಿಗೆ ಎರಡು ರಿಂಗ್ ಕೊಟ್ಟು ಕಟ್ ಮಾಡುವುದು. ಹಾಗೆಂದರೆ ‘ನಾನು ಚೆನ್ನಾಗಿದ್ದೇನೆ’ ಎಂದು. ಯಾರೂ ಎತ್ತಬಾರದು, ಖರ್ಚೂ ಇಲ್ಲ. ಎರಡನೇ ರಿಂಗ್ ನಿಂತ ಕೂಡಲೇ ಅಮ್ಮ "ಸದ್ಯ" ಎಂದು ಒಲೆಯ ಕಡೆ ತಿರುಗುತ್ತಿದ್ದಳು.

ಈ ಮಧ್ಯೆ ಚರಿತ್ರೆ ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಎದುರಾಳಿ ಕಂಪನಿ ಬಂತು. ಎಸ್‌ಟಿಡಿಗೆ ಯಾವ ಕಂಪನಿ ಬೇಕೆಂದು ಮನೆಮನೆಯಿಂದ ವೋಟು ಹಾಕಿಸಿದರು. ಹಳೆಯ ಕಂಪನಿ ಹೊಸ ಹೆಸರು ಇಟ್ಟುಕೊಂಡಿತು. ಆಮೇಲೆ ಸರ್ಕಾರ ಅದರ ಒಂದು ಪಾಲನ್ನು ಷೇರು ಮಾಡಿ ಮಾರುತ್ತೇನೆಂದಿತು. "ಜನರ ಕಂಪನೀನ ಜನರಿಗೇ ಮಾರೋದಾ? ತಲೆ ಇದೆಯಾ ಇವರಿಗೆ?" ಎಂದು ಅಪ್ಪ ಕನ್ನಡ ಸಂಘದ ಊಟದಲ್ಲಿ ಪಂಕ್ತಿಯುದ್ದಕ್ಕೂ ಭಾಷಣ ಮಾಡಿದರು. ಬೈದ ಬಾಯಿ ಆರುವ ಮೊದಲೇ ಷೇರು ಕೊಂಡರು.

ಅಂದಿನಿಂದ ಅಪ್ಪ ಮಾಲೀಕರು. ರಸ್ತೆಯಲ್ಲಿ ಕಂಪನಿಯ ವ್ಯಾನ್ ಕಂಡರೆ ಕಾರು ನಿಧಾನ ಮಾಡಿ, ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುತ್ತಿದ್ದರು. ಒಂದು ಸಂಜೆ ಚಿಕ್ಕಮ್ಮನ ಮೊದಲ ರಿಂಗ್ ಬಂತು. ಅಪ್ಪ ಹಾರಿ ಎತ್ತಿಬಿಟ್ಟರು.

"ರೀ, ಅದು ಸುಮಾದು. ಎತ್ತಬಾರದು ಅಂತ ಗೊತ್ತಿಲ್ವಾ?" ಅಮ್ಮ ಸೌಟು ಹಿಡಿದೇ ಓಡಿ ಬಂದಳು.

ಅಪ್ಪ ರಿಸೀವರಿಗೆ ಕೈ ಅಡ್ಡ ಹಿಡಿದರು. "ದಿನಾ ನಮ್ಮ ಕಂಪನಿ ಲೈನನ್ನ ಬಿಟ್ಟಿ ಬಳಸ್ತೀರಲ್ಲ, ಮಾಲೀಕನ ಮನೇಲೇ ಹೀಗಾದ್ರೆ ಹೇಗೆ?" ಆಮೇಲೆ ಕೈ ತೆಗೆದು, "ಏನಮ್ಮ ಸುಮಾ, ಚೆನ್ನಾಗಿದೀಯಾ?" ಎಂದರು.

ಕೇಳುತ್ತ ಕೇಳುತ್ತ ಅಪ್ಪನ ಮುಖದ ಮಾಲೀಕತನ ಇಳಿದುಹೋಯಿತು. ಚಿಕ್ಕಮ್ಮ ಹೇಳಿದ್ದು ನಮಗೆ ಆಮೇಲೆ ಗೊತ್ತಾಯಿತು: "ಇಲ್ಲ ಭಾವ, ಚೆನ್ನಾಗಿಲ್ಲ." ಚಿಕ್ಕಪ್ಪ ಕೆಲಸದ ಮೇಲೆ ಪರ್ತ್‌ಗೆ ಹೋಗಿ ತಿಂಗಳುಗಳಾಗಿದ್ದವು. ಮನೆಯಲ್ಲಿ ಹಸುಗೂಸು ಮತ್ತು ಇವಳು. ಮಾತಾಡಲು ಒಂದು ನರಪಿಳ್ಳೆ ಇಲ್ಲ. ಅತ್ತು, ಮುಖ ತೊಳೆದುಕೊಂಡು, ಎರಡು ರಿಂಗ್ ಕೊಡುತ್ತಿದ್ದಳಂತೆ. ನಮ್ಮ ಉಪಾಯದಲ್ಲಿ ‘ಚೆನ್ನಾಗಿಲ್ಲ’ ಎನ್ನಲು ರಿಂಗೇ ಇರಲಿಲ್ಲ.

"ನೀನು ಇಡಮ್ಮ, ಇಲ್ಲಿಂದ ಮಾಡ್ತೀವಿ" ಎಂದು ಅಪ್ಪ ತಾವೇ ನಂಬರ್ ಒತ್ತಿ ರಿಸೀವರನ್ನು ಅಮ್ಮನ ಕೈಗೆ ಕೊಟ್ಟರು. ಆಮೇಲೆ ವಾಚ್ ಬಿಚ್ಚಿದರು. ಅಭ್ಯಾಸಬಲದಿಂದ ಅಮ್ಮ ಬೆಚ್ಚಿದಳು. ಅಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಒಲೆಯ ಮೇಲಿನ ಪಲ್ಯ ನೋಡಿಕೊಳ್ಳಲು ಹೋದರು. ಅವತ್ತು ಪಲ್ಯ ಸೀದುಹೋಯಿತು, ಅದನ್ನೇ ತಿಂದೆವು. ಸ್ಕೂಲಿಗೆ ರಜ ಬಂದ ಕೂಡಲೇ ಅಮ್ಮನೂ ನಾನೂ ಮೆಲ್ಬರ್ನ್ ಬಸ್ ಹತ್ತಿದೆವು.

ಈಗಲೂ ಆ ಮಾತು ಬಂದರೆ ಅಪ್ಪ "ಎಲ್ಲಾ ನಮ್ಮ ಕಂಪನಿ ಸರ್ವೀಸು" ಎನ್ನುತ್ತಾರೆ. ನಾನೀಗ ಚಿಕ್ಕಮ್ಮನ ಊರಲ್ಲೇ ಓದುತ್ತಿದ್ದೇನೆ. ಎರಡು ರಿಂಗ್ ಕೊಟ್ಟು ಮುಗಿಸೋಣವೆಂದು ಮನೆಗೆ ಫೋನ್ ಮಾಡಿದರೆ, ಮೊದಲನೆಯದು ಮುಗಿಯುವುದರೊಳಗೇ "ಏನೋ, ಚೆನ್ನಾಗಿದೀಯಾ?" ಚೆನ್ನಾಗಿದ್ದೇನೆ ಎಂದರೆ ನಂಬುವವರಲ್ಲ; ಊಟ, ಪರೀಕ್ಷೆ, ಕೆಮ್ಮು ಎಲ್ಲಾ ಒಪ್ಪಿಸಬೇಕು. ಕಂಪನಿಯ ಚರಿತ್ರೆಯೆಲ್ಲ ಬಲ್ಲ ನನಗೆ, ಅಪ್ಪ ಎತ್ತುವ ಮೊದಲು ಕಟ್ ಮಾಡುವುದು ಮಾತ್ರ ಇನ್ನೂ ಬಂದಿಲ್ಲ.

ನಿಮ್ಮ ಮನೆಯಲ್ಲಿ ಎಷ್ಟು ರಿಂಗಿಗೆ ಏನು ಅರ್ಥ ಇತ್ತು? ದಯವಿಟ್ಟು ಬರೆದು ತಿಳಿಸಿ. ಫೋನಿನಲ್ಲೇ ಹೇಳುವವರು ಒಂದು ವಿಷಯ ನೆನಪಿಡಿ. ನಾನು ನಮ್ಮಪ್ಪನ ಮಗ, ಮೊದಲ ರಿಂಗಿಗೇ ಎತ್ತುತ್ತೇನೆ.