ನಟಿಗೆ ಹೊಲಿಸಿದ ಹಸಿರು ಕುಬಸ

ಬರೆಯಬಾರದ್ದನ್ನು ಬರೆದವನಿಗೆ ಓದಬಾರದವರೇ ಓದುಗರಾಗಿ ಸಿಗುತ್ತಾರೆ. ನನಗಂತೂ ಒಬ್ಬರ ಹಿಂದೊಬ್ಬರು ಸಾಲು ಹಚ್ಚಿ ಸಿಕ್ಕರು.

ಎಂಬತ್ತರ ದಶಕದ ಕೊನೆಗೆ ನಾನು ಮಸ್ಕಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಸಂಜೆ ಶಾಲೆಯಲ್ಲೇ ಕುಳಿತು ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಬ್ಬ ಸಿನಿಮಾ ನಟಿಯ ಮೇಲೆ ಕಥೆ ಬರೆಯುತ್ತಿದ್ದೆ. ಕಲ್ಪನೆಯ ನಟಿಯಲ್ಲ, ಪಾನ್ ಅಂಗಡಿಯ ಕ್ಯಾಲೆಂಡರಿನಲ್ಲಿ ನಗುತ್ತಿದ್ದ ನಿಜವಾದ ನಟಿ. ಹೆಸರೂ ನಿಜವಾದದ್ದೇ ಹಾಕಿದ್ದೆ. ಈಗ ಹೇಳಲು ಮುಖವಿಲ್ಲ. ಮದುವೆಯಾಗಿ ಎರಡು ವರ್ಷವಾಗಿತ್ತು. ನಾನು ಮಕ್ಕಳ ಪೇಪರು ತಿದ್ದುತ್ತೇನೆಂದು ಹೆಂಡತಿ ನಂಬಿದ್ದಳು. ಆ ನಂಬಿಕೆ ಮುರಿಯದಿದ್ದರೆ ಸಾಕೆಂದು ದಿನಾ ಬೇಡಿಕೊಳ್ಳುತ್ತಿದ್ದೆ.

೧. ಸಾಹೇಬರ ಪರಿಶೀಲನೆ

ಪಾಠ ಟಿಪ್ಪಣಿ ಪುಸ್ತಕಗಳನ್ನು ಸಹಿಗೆಂದು ಲಿಂಗಸುಗೂರಿನ ಶಿಕ್ಷಣಾಧಿಕಾರಿ ಸಾಹೇಬರ ಆಫೀಸಿಗೆ ಕಳಿಸಬೇಕಿತ್ತು. ಅದಕ್ಕೂ ಕಥೆಗೂ ನಾನು ಒಂದೇ ಥರದ ಖಾಕಿ ರಟ್ಟು ಹಾಕಿದ್ದೆ. ಪಾಠ ಇಲ್ಲೇ ಉಳಿಯಿತು, ನಟಿ ಲಿಂಗಸುಗೂರಿಗೆ ಹೋದಳು.

ಮೂರನೆಯ ದಿನ ಕರೆ ಬಂತು. ಸಾಹೇಬರ ಟೇಬಲ್ಲಿನ ಮೇಲೆ ನನ್ನ ನೋಟ್‌ಬುಕ್ ಬಿಚ್ಚಿಕೊಂಡು ಬಿದ್ದಿತ್ತು. ನಟಿಯ ಕಾರು ಕೆಟ್ಟು ನಿಲ್ಲುತ್ತದೆ, ಲಿಂಗಸುಗೂರಿನ ಒಬ್ಬ ಮಾಸ್ತರ ಅವಳಿಗೆ ನೀರು ಕೊಡುತ್ತಾನೆ, ಅವಳು ಅವನ ಕಣ್ಣು ನೋಡುತ್ತಾಳೆ. ಅಲ್ಲಿಯವರೆಗೆ ಬರೆದಿದ್ದೆ.

“ಮಾಸ್ತರ, ಈ ಹೆಣ್ಣುಮಗಳು ಜೀವಂತ ಅದಾಳ. ತಂದಿ-ತಾಯಿ ಅದಾರ. ಆಕಿನ್ನ ಕೇಳದ ಹಿಂಗ ಬರಿಯೂದು ಸರಿಯೇನ್ರಿ?”

“ತಪ್ಪಾತ್ರಿ ಸಾಹೇಬ್ರ.”

“ನಿಮ್ಮ ಅಕ್ಕ-ತಂಗ್ಯಾರ ಮ್ಯಾಲ ಯಾರರ ಬರದಿದ್ರ?”

ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ನೋಟ್‌ಬುಕ್ ಬಗಲಿಗಿಟ್ಟುಕೊಂಡು ಬಾಗಿಲ ತನಕ ಹೋಗಿದ್ದೆ. ಸಾಹೇಬರು ಹಿಂದಿನಿಂದ ಸಣ್ಣ ದನಿಯಲ್ಲಿ ಕರೆದರು.

“ಮುಂದಿನ ಭಾಗ ಬರದ್ರ ನೇರ ನನ್ನ ಕಡೆ ತಗೊಂಡು ಬರ್ರಿ. ಪರಿಶೀಲನೆ ಮಾಡಬೇಕಾಗ್ತದ.”

೨. ಒಂದು ಕಾಲಿನ ಪ್ಯಾಂಟು

ಮಸ್ಕಿಯ ಟೇಲರ್ ನನ್ನ ಗೆಳೆಯ. ಮಶೀನಿನ ಮೇಲೆ ಒಬ್ಬ ನಾಯಕನಟನ ಫೋಟೋ ಇಟ್ಟು ದಿನಾ ಮಲ್ಲಿಗೆ ಮಾಲೆ ಹಾಕುತ್ತಿದ್ದ. ಕಥೆಯಲ್ಲಿ ಆ ನಟನನ್ನೂ ತಂದಿದ್ದೆ. ನಟಿಗಾಗಿ ಅವನು ಮಾಸ್ತರನ ಜೊತೆ ಜಗಳಕ್ಕೆ ಬಿದ್ದು, ಏಟು ತಿಂದು ಎಡದಂಡೆ ಕಾಲುವೆಗೆ ಬೀಳುತ್ತಾನೆ. ನನಗೆ ಬಹಳ ಸಮಾಧಾನ ಕೊಟ್ಟ ಪುಟ ಅದು. ಹುರುಪಿನಲ್ಲಿ ಟೇಲರನಿಗೆ ಓದಲು ಕೊಟ್ಟೆ.

ಮರುದಿನ ಪ್ಯಾಂಟು ಕೇಳಲು ಹೋದರೆ ಒಂದೇ ಕಾಲು ಹೊಲಿದು ಗೂಟಕ್ಕೆ ನೇತುಹಾಕಿದ್ದ.

“ಇನ್ನೊಂದು ಕಾಲು?”

“ನಮ್ಮ ಅಣ್ಣಾವ್ರ ಇಜ್ಜತ್ ತಗದು ಕಾಲುವಿಗೆ ಒಗದೀರಿ. ಅವರು ಮ್ಯಾಲ ಬರೂತನ ನಿಮ್ಮ ಕಾಲು ಬರಂಗಿಲ್ಲ.”

“ಅದು ಬರೇ ಕಥಿ ಮಾರಾಯ.”

“ಕಥಿ ಇದ್ರ ನೀವೇ ಬೀಳ್ರಿ.”

ಸೋಮವಾರ ಶಾಲೆಗೆ ತಪಾಸಣೆ ಇತ್ತು, ಬೇರೆ ಪ್ಯಾಂಟು ಇರಲಿಲ್ಲ. ಅವನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಅವನ ಸೀಮೆಸುಣ್ಣದಿಂದ ಕಥೆಯ ಹಳೆಯ ಪುಟಕ್ಕೆ ಗೀಟು ಹಾಕಿ, ಅವನ ಕಣ್ಣೆದುರಿಗೇ ತಿದ್ದಿದೆ. ಒಂದು ಕಾಲಿನ ಆಸೆಗೆ ನಾನು ಕಾಲುವೆಗೆ ಬಿದ್ದೆ.

೩. ತವರಿಲ್ಲದ ಮಗಳು

ಬಿದ್ದರೂ ನಟಿಯನ್ನು ಬಿಡಲಿಲ್ಲ. ಅವಳೇ ಮಾಸ್ತರನನ್ನು ಎತ್ತಿ ಆರೈಕೆ ಮಾಡಿ ಮದುವೆಯಾದಳು, ಬಸುರಿಯಾದಳು. ಓದುವವರು ಅಳಲಿ ಎಂದು ಅವಳ ತಾಯಿಯನ್ನು ಕೊಂದೆ. ನಿಜವಾದ ತಾಯಿ ಗಟ್ಟಿಮುಟ್ಟಾಗಿ ಶೂಟಿಂಗಿಗೆಲ್ಲ ಜೊತೆಗೆ ಹೋಗುತ್ತಾರೆಂದು ಪತ್ರಿಕೆಯಲ್ಲಿ ಓದಿದ್ದೆ. ಆದರೂ ಕೊಂದೆ.

ಮುಂದಿನ ಭಾಗ ಓದಲು ಒಯ್ದಿದ್ದ ಟೇಲರನಿಂದ ಆ ನೋಟ್‌ಬುಕ್ ಶಾಲೆಯ ಹಿಂದಿನ ಓಣಿಗೆ ಹೋಗಿತ್ತು. ಅಲ್ಲಿ ಒಬ್ಬ ಅಜ್ಜಿಗೆ ಮೊಮ್ಮಗಳು ಅದನ್ನು ಓದಿ ಹೇಳಿದ್ದಳು. ಅಜ್ಜಿ ಅದನ್ನು ಪೇಪರಿನ ಸುದ್ದಿ ಎಂದು ತಿಳಿದಳು. ಒಂದು ಮಧ್ಯಾಹ್ನ ಗಂಟು ಹಿಡಿದು ಶಾಲೆಗೇ ಬಂದಳು. ಬಿಚ್ಚಿದರೆ ಹಸಿರು ಖಣದ ಕುಬಸ, ಒಂದು ಡಜನ್ ಹಸಿರು ಬಳೆ. ಬಸುರಿ ಮಗಳಿಗೆ ತವರಿನವರು ಉಡಿ ತುಂಬಿ ತೊಡಿಸುವ ರವಿಕೆ.

“ಮಾಸ್ತರ, ನಿಮ್ಮ ಪೈಕಿ ಯಾವನೋ ಮಾಸ್ತರನ್ನ ಆ ಹುಡುಗಿ ಮದಿವಿ ಆಗ್ಯಾಳಂತಲ್ಲ. ಹಡದಾಕಿ ಇಲ್ಲ. ಏಳು ತಿಂಗಳಾತಂತ, ಕುಬಸ ಮಾಡವರು ಯಾರು? ಇದು ಮುಟ್ಟಸ್ರಿ.”

ಸುಳ್ಳು ಅಜ್ಜಿ, ನಾನು ಕಟ್ಟಿದ್ದು ಎಂದು ಹೇಳಬೇಕಿತ್ತು. ಅಜ್ಜಿಯ ಕಣ್ಣು ಅತ್ತು ಕೆಂಪಾಗಿದ್ದವು. ನನ್ನ ಕೈ ತಾನಾಗಿ ಗಂಟು ತೆಗೆದುಕೊಂಡಿತು. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

“ಅಳತಿ?” ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

“ಟೇಲರ್ ಕ್ಯಾಲೆಂಡರ್ ನೋಡಿ ಹೊಲದಾನ. ಬಸರಿ ಅಂತ ಹೇಳಿದ್ನಿ, ಎರಡು ಬೆರಳು ಸಡ್ಲ ಇಟ್ಟಾನ.”

೪. ಸಿಂಧನೂರಿನ ಪಂಚಾಯಿತಿ

ಕುಬಸವನ್ನು ಎಸೆಯಲು ಮನಸ್ಸಾಗದೆ ಮನೆಯ ಟ್ರಂಕಿನ ತಳಕ್ಕೆ ಇಟ್ಟೆ. ವಾರದೊಳಗೆ ಹೆಂಡತಿಗೆ ಸಿಕ್ಕಿತು. ಅವಳ ಅಳತೆಯದಲ್ಲ, ಅವಳು ಬಸುರಿಯೂ ಅಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ಕುಬಸ ತೆಗೆದುಕೊಂಡು ಸಿಂಧನೂರಿನ ತವರಿಗೆ ಹೋಗಿಬಿಟ್ಟಿದ್ದಳು.

ಮರುದಿನ ಮೊದಲ ಬಸ್ಸಿಗೆ ನೋಟ್‌ಬುಕ್ ಹಿಡಿದು ಹೋದೆ. ಪಡಸಾಲೆಯಲ್ಲಿ ಮಾವ, ಇಬ್ಬರು ಭಾವಂದಿರು. ಒಳಬಾಗಿಲ ಮರೆಗೆ ಅವಳು. ನಡುವೆ ಚಾಪೆಯ ಮೇಲೆ ಹಸಿರು ಕುಬಸ.

“ಬಸರಿ ಯಾರು?” ಎಂದರು ಮಾವ.

“ಸಿನಿಮಾ ನಟಿರಿ. ಕಥಿಯೊಳಗ.”

“ಓದ್ರಿ.”

ಗಟ್ಟಿಯಾಗಿ ಓದಿದೆ. ನಟಿ ಮಾಸ್ತರನ ಹಣೆಯ ಬೆವರು ಸೆರಗಿನಿಂದ ಒರೆಸುವುದನ್ನು ಹೆಣ್ಣು ಕೊಟ್ಟ ಮಾವನ ಮುಂದೆ ಓದಿದೆ. ಭಾವಂದಿರು ಗೋಡೆಗೆ ಮುಖ ತಿರುಗಿಸಿದರು, ಹೆಗಲು ಮಾತ್ರ ಕುಣಿಯುತ್ತಿದ್ದವು.

“ಈ ಮಾಸ್ತರ ಯಾವಾಂವ?” ಎಂದರು ಮಾವ.

ನಾನು ಚಾಪೆಯ ಕಡ್ಡಿ ಎಣಿಸುತ್ತಾ ಕುಳಿತೆ. ಮಾವ ಕೆಮ್ಮಿ ಎದ್ದು ಹೊರಗೆ ಹೋದರು. ಹೆಂಡತಿ ಮಾತ್ರ ನಗಲಿಲ್ಲ. “ನೋಟ್‌ಬುಕ್ ಇಟ್ಟು ಹೋಗ್ರಿ” ಎಂದಳು.

ತಿಂಗಳ ಮೇಲೆ ಬಂದಳು. ಅಡುಗೆ ಮಾಡಿದಳು, ಬಡಿಸಿದಳು. ಊಟವಾದ ಮೇಲೆ ಒಂದು ಹೊಸ ನೋಟ್‌ಬುಕ್ ನನ್ನ ಮುಂದಿಟ್ಟಳು.

“ನಾನೂ ಬರದೀನಿ. ಓದ್ರಿ.”

ಅದರಲ್ಲಿ ಟೇಲರನ ಆ ನಟ ನಮ್ಮ ಮನೆಗೆ ಬರುತ್ತಾನೆ. ಅವಳು ಬಡಿದ ಬಿಸಿ ರೊಟ್ಟಿ ತಿಂದು, ಇಂಥದ್ದು ಎಲ್ಲೂ ತಿಂದಿಲ್ಲ ಎನ್ನುತ್ತಾನೆ. ಏಳನೆಯ ತರಗತಿಗೆ ಶಾಲೆ ಯಾಕೆ ಬಿಟ್ಟಿ ಎಂದು ಕೇಳುತ್ತಾನೆ. ಅವಳು ಹೇಳುತ್ತಾಳೆ, ಅವನು ಕೇಳುತ್ತಾ ಕೂರುತ್ತಾನೆ. ಅಷ್ಟೇ. ಎರಡು ವರ್ಷದಲ್ಲಿ ನಾನು ಕೇಳದ ಮಾತುಗಳೆಲ್ಲ ಅಲ್ಲಿದ್ದವು. ಓದುತ್ತಾ ನನ್ನ ಮುಖ ಸುಟ್ಟಂತಾಯಿತು.

ಗಂಡ? ಮೊದಲ ಪುಟದಲ್ಲಿ ‘ಯಜಮಾನರು ಹಾಲು ತರಾಕ ಹೋದರು’ ಎಂದಿತ್ತು. ಆಮೇಲೆ ಅವನ ಸುದ್ದಿಯೇ ಇಲ್ಲ.

“ಅಲ್ಲ, ನಾ ಎಲ್ಲಿ?”

“ಹಾಲಿಗೆ ಹೋಗೀರಲ್ಲ.”

“ನಲವತ್ತು ಪುಟ ಆತು.”

“ಹೌದ್ರಿ” ಎಂದಳು, ತಟ್ಟೆ ಎತ್ತುತ್ತಾ. “ಇನ್ನೂ ಅರವತ್ತು ಪುಟ ಖಾಲಿ ಅದಾವ. ಒಳಗ ಕರಕೋಬೇಕೋ ಬ್ಯಾಡೋ, ಇಚಾರ ಮಾಡಾಕತ್ತೀನಿ.”

ಮರುದಿನ ಬೆಳಿಗ್ಗೆ ಹಾಲಿಗೆ ಹೋದವನು ಓಡುತ್ತಲೇ ವಾಪಸ್ಸು ಬಂದೆ.